ಅಡಿಕೆ ಮಂಡಿಯ ಫಾಕ್ಸ್‌ಪ್ರೊ

2007ರ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಕಂಪನಿ ಒಂದು ವಿಷಯ ಪ್ರಕಟಿಸಿತು: ವಿಷುಯಲ್ ಫಾಕ್ಸ್‌ಪ್ರೊ 9 ಕೊನೆಯದು, ಹತ್ತನೆಯ ಆವೃತ್ತಿ ಬರುವುದಿಲ್ಲ. ಇದ್ದದ್ದಕ್ಕೆ ಸಿಗುತ್ತಿದ್ದ ಬೆಂಬಲವೂ 2015ರ ಜನವರಿಗೆ ಮುಗಿಯಿತು. ಆ ಪ್ರಕಟಣೆಯ ಸುದ್ದಿ ಶಿವಮೊಗ್ಗ, ಸಾಗರ ಕಡೆಯ ನಾನು ಬಲ್ಲ ಅಡಿಕೆ ಮಂಡಿಗಳಿಗೆ ತಲುಪಲೇ ಇಲ್ಲ. ತಲುಪಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಂಪ್ಯೂಟರ್ ಎಂದಿನಂತೆ ಚಾಲೂ ಆಗುತ್ತಿತ್ತು, ಪಟ್ಟಿ ಪ್ರಿಂಟಾಗುತ್ತಿತ್ತು, ಸಂಜೆಗೆ ರೋಜುಕೀರ್ದಿ ತಾಳೆಯಾಗುತ್ತಿತ್ತು. ಅಷ್ಟಕ್ಕೂ ಅವರಲ್ಲಿ ಬಹಳ ಜನ ಇಟ್ಟುಕೊಂಡಿದ್ದದ್ದು ವಿಷುಯಲ್ ಫಾಕ್ಸ್‌ಪ್ರೊ ಅಲ್ಲ. ಅದಕ್ಕೂ ಹಿಂದಿನ, ಡಾಸ್ ಕಾಲದ ಫಾಕ್ಸ್‌ಪ್ರೊ 2.6.

ಆ ಮಂಡಿಗಳಿಗೆ ಪ್ರೋಗ್ರಾಂ ಬರೆದುಕೊಟ್ಟು, ಬೇರೆಯವರು ಬರೆದು ಬಿಟ್ಟುಹೋದದ್ದನ್ನು ರಿಪೇರಿ ಮಾಡಿಕೊಟ್ಟು ನಾನು ಸಂಸಾರ ನಡೆಸಿದೆ. ಪ್ರೋಗ್ರಾಂ ಬರೆಯುವ ಟೂಲ್ ನಿಂತುಹೋದರೆ ಅದನ್ನು ನಂಬಿದ ವ್ಯಾಪಾರಕ್ಕೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಒಂದೇ ದಿನ ಎಲ್ಲ ಸ್ತಬ್ಧವಾಗುವುದಿಲ್ಲ. ಪೆಟ್ಟು ಕಂತಿನಲ್ಲಿ ಬೀಳುತ್ತದೆ. ಮೊದಲು ಪ್ರಿಂಟರಿಗೆ, ಆಮೇಲೆ ಕಂಪ್ಯೂಟರಿಗೆ, ಆಮೇಲೆ ತೆರಿಗೆ ಲೆಕ್ಕಕ್ಕೆ, ಕೊನೆಗೆ ಮನುಷ್ಯರ ನೆನಪಿಗೆ.

ಮಂಡಿ ನೋಡದವರಿಗಾಗಿ ಎರಡು ಮಾತು. ಬೆಳೆಗಾರ ಮನೆಯಲ್ಲಿ ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಚೀಲ ತುಂಬಿ ಮಂಡಿಗೆ ತಂದು ಹಾಕುತ್ತಾನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅದು ಲಾಟ್‌ಗಳಾಗಿ ಬೇರೆಯಾಗುತ್ತದೆ. ಖರೀದಿದಾರರು ಟೆಂಡರಿನಲ್ಲಿ ಕ್ವಿಂಟಾಲಿಗೆ ಇಷ್ಟು ಎಂದು ದರ ಬರೆಯುತ್ತಾರೆ. ಮಾರಾಟವಾದ ಮೇಲೆ ಮಂಡಿಯವರು ತೂಕ, ದರ, ಹಮಾಲಿ, ಇತರ ಖರ್ಚು ಎಲ್ಲ ತೋರಿಸಿ ಪಟ್ಟಿ ಬರೆದುಕೊಡುತ್ತಾರೆ. ಇಷ್ಟಕ್ಕೇ ಮುಗಿಯುವುದಾದರೆ ಅದು ಬರೀ ಅಂಗಡಿ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ ತರಲು, ಕೊನೆಗೌಡರ ಕೂಲಿಗೆ, ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಬೆಳೆಗಾರ ಮುಂಗಡ ಕೇಳುವುದೂ ಮಂಡಿಯಲ್ಲೇ. ಆ ಮುಂಗಡಕ್ಕೆ ಬಡ್ಡಿ, ಬಂದ ಅಡಿಕೆಗೆ ಜಮಾ, ವರ್ಷದ ಕೊನೆಗೆ ಬಾಕಿ. ಮಂಡಿಗೂ ಬೆಳೆಗಾರನಿಗೂ ಮೂರು ತಲೆಮಾರಿನ ನಂಬಿಕೆ ಇದ್ದರೆ ಅದು ನಿಂತಿರುವುದು ಈ ಬಡ್ಡಿ ಲೆಕ್ಕದ ಮೇಲೆ.

ಈ ಲೆಕ್ಕ ಕೆಂಪು ಬಟ್ಟೆ ಹೊದಿಕೆಯ ಉದ್ದ ಪುಸ್ತಕದಿಂದ ಕಂಪ್ಯೂಟರಿಗೆ ಏರಿದ್ದು 1990ರ ದಶಕದಲ್ಲಿ. ಆಗ ತಾಲ್ಲೂಕು ಕೇಂದ್ರಗಳಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ, ಯಾವುದಾದರೂ ಮೆಡಿಕಲ್ ಶಾಪಿನ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸುಗಳು ಶುರುವಾಗಿದ್ದವು. ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್, ಫಾಕ್ಸ್‌ಪ್ರೊ ಕಲಿಸುತ್ತಿದ್ದರು. ಡಿಬೇಸ್ ಆಷ್ಟನ್-ಟೇಟ್ ಕಂಪನಿಯದು. ಅದೇ ಭಾಷೆಯನ್ನು ಇಟ್ಟುಕೊಂಡು ಅದಕ್ಕಿಂತ ಎಷ್ಟೋ ವೇಗವಾಗಿ ಓಡುವ ಫಾಕ್ಸ್‌ಬೇಸ್, ಆಮೇಲೆ ಫಾಕ್ಸ್‌ಪ್ರೊ ಮಾಡಿದವರು ಅಮೆರಿಕದ ಓಹಾಯೊ ರಾಜ್ಯದ ಪೆರಿಸ್‌ಬರ್ಗ್ ಎಂಬ ಸಣ್ಣ ಊರಿನ ಫಾಕ್ಸ್ ಸಾಫ್ಟ್‌ವೇರ್‌ನವರು. 1992ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡಿತು. ಫಾಕ್ಸ್‌ಪ್ರೊದೊಳಗೆ ರಶ್‌ಮೋರ್ ಎಂಬ ಹುಡುಕುವ ತಂತ್ರ ಇತ್ತು. ಸಾವಿರಾರು ಖಾತೆಗಳ ನಡುವೆ ಒಬ್ಬ ಬೆಳೆಗಾರನ ಹತ್ತು ವರ್ಷದ ವ್ಯವಹಾರವನ್ನು ಅದು ಆ ಕಾಲದ ಬಡಪಾಯಿ 386 ಕಂಪ್ಯೂಟರಿನಲ್ಲೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತಂದಿಡುತ್ತಿತ್ತು.

ಕಲಿತವರಿಗೆ ಅದು ಸುಲಭವೂ ಆಗಿತ್ತು. ಪಿಯುಸಿ ಮುಗಿಸಿದ ಹುಡುಗನೊಬ್ಬ ಆರು ತಿಂಗಳಲ್ಲಿ ಮಂಡಿಗೆ ಬೇಕಾದ ಪ್ರೋಗ್ರಾಂ ಬರೆಯಬಲ್ಲವನಾಗುತ್ತಿದ್ದ. ಇದು ಸಣ್ಣ ಮಾತಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಊರುಗಳಲ್ಲಿ, ಊರಿನ ಹುಡುಗರೇ ಊರಿನ ವ್ಯಾಪಾರಕ್ಕೆ, ಊರಿನ ಪದ್ಧತಿಗೆ ಸರಿಯಾಗಿ ಸಾಫ್ಟ್‌ವೇರ್ ಮಾಡಿಕೊಟ್ಟರು. ಫಾಕ್ಸ್‌ಪ್ರೊ ದಾಖಲೆ ಇಡುವ ಡಿಬಿಎಫ್ ಫೈಲಿನಲ್ಲಿ ಒಂದು ಅಂಕಣದ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ. ಆ ಹತ್ತರೊಳಗೆ ಇಂಗ್ಲಿಷ್ ಲಿಪಿಯಲ್ಲಿ ಮುಂಗಡ, ಹಮಾಲಿ, ಬಂದ ದಿನ, ಮಾರು ದಿನ ಎಂದು ಕನ್ನಡವನ್ನೇ ಹಿಡಿಸಿ ಬರೆದಿದ್ದರು. ಎಷ್ಟೋ ವರ್ಷದ ಮೇಲೆ ಆ ಫೈಲುಗಳನ್ನು ತೆರೆದಾಗ ಯಾವ ವಿವರಣೆಯೂ ಇಲ್ಲದೆ ನನಗೆ ಅರ್ಧ ವಿಷಯ ತಿಳಿಯುತ್ತಿದ್ದದ್ದು ಇದರಿಂದಲೇ.

ಸುಗ್ಗಿಯ ದಿನಗಳಲ್ಲಿ ಸಂಜೆ ಆರು ಗಂಟೆಗೆ ಮಂಡಿಯ ಗದ್ದಿಗೆಯ ಪಕ್ಕ ನಿಂತರೆ ಆ ಪ್ರೋಗ್ರಾಂನ ಬೆಲೆ ಗೊತ್ತಾಗುತ್ತಿತ್ತು. ನೀಲಿ ಪರದೆ, ಹಳದಿ ಅಕ್ಷರ. ಗುಮಾಸ್ತರು ಮೌಸ್ ಮುಟ್ಟುತ್ತಲೇ ಇರಲಿಲ್ಲ. ಎಡಗೈಯಲ್ಲಿ ತೂಕದ ಚೀಟಿ, ಕಣ್ಣು ಚೀಟಿಯ ಮೇಲೆ, ಬಲಗೈ ಕೀಬೋರ್ಡಿನ ಅಂಕಿಗಳ ಮೇಲೆ. ಖಾತೆ ನಂಬರು, ಎಂಟರ್. ಚೀಲ, ಎಂಟರ್. ತೂಕ, ಎಂಟರ್. ದರ, ಎಂಟರ್. ಪರದೆ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಾರ್ಬನ್ ಹಾಕಿದ ಮೂರು ಪ್ರತಿಯನ್ನು ಕರಕರ ಎಂದು ಎಳೆದು ಕೊಡುತ್ತಿತ್ತು. ಕೊನೆಯ ಬಸ್ಸಿಗೆ ಹೊರಟ ಬೆಳೆಗಾರ ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಆ ವೇಗ, ಆ ನಿರಾಳ ಆಮೇಲೆ ಬಂದ ಯಾವ ಬಣ್ಣಬಣ್ಣದ ಪರದೆಯಲ್ಲೂ ನನಗೆ ಕಾಣಲಿಲ್ಲ. ಹೊಸದೆಲ್ಲ ಒಳ್ಳೆಯದೆಂದು ಹೇಳುವವರು ಒಂದು ಸಲ ಹಾಗೆ ನಿಂತು ನೋಡಬೇಕಿತ್ತು.

ಮೊದಲ ಕಂತು ಪ್ರಿಂಟರಿನದು. ಡಾಸ್ ಪ್ರೋಗ್ರಾಂಗೆ ಗೊತ್ತಿರುವುದು ಎಲ್‌ಪಿಟಿ1 ಎಂಬ ಅಗಲವಾದ ಪೋರ್ಟ್ ಒಂದೇ. ಹೊಸ ಕಂಪ್ಯೂಟರುಗಳಲ್ಲಿ ಅದು ಮಾಯವಾಗಿ ಬರೀ ಯುಎಸ್‌ಬಿ ಉಳಿಯಿತು. ಅದಕ್ಕೆ ಉಪಾಯ ಇತ್ತು. ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಹಂಚಿಕೊಂಡಂತೆ ತೋರಿಸಿ, ‘ನೆಟ್ ಯೂಸ್’ ಎಂಬ ಆದೇಶದಿಂದ ಅದಕ್ಕೆ ಎಲ್‌ಪಿಟಿ1 ಎಂದು ಹೆಸರು ಕೊಟ್ಟರೆ ಪ್ರೋಗ್ರಾಂ ಹಳೆಯ ಪೋರ್ಟೇ ಇದೆ ಎಂದು ನಂಬಿ ಪ್ರಿಂಟ್ ಕಳಿಸುತ್ತದೆ. ಮಲೆನಾಡಿನ ಎಷ್ಟೋ ಅಂಗಡಿಗಳ ಕಂಪ್ಯೂಟರಿನಲ್ಲಿ ಬೆಳಗ್ಗೆ ಮೊದಲು ಓಡುತ್ತಿದ್ದದ್ದು ಆ ಒಂದು ಸಾಲು. ಕೆಲವು ಪ್ರೋಗ್ರಾಂಗಳಿಗೆ ಇನ್ನೂ ಕಷ್ಟ. ಕಳ್ಳಪ್ರತಿ ಆಗಬಾರದೆಂದು ಬರೆದವರು ಅದೇ ಅಗಲ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಕೊಟ್ಟಿರುತ್ತಿದ್ದರು. ಪೋರ್ಟ್ ಇಲ್ಲವೆಂದರೆ ಬೀಗದ ಕೈ ಹಾಕಲು ಜಾಗವೇ ಇಲ್ಲ. ಅಂಥವರಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಆ ಪೋರ್ಟ್ ಇರುವ ಮದರ್‌ಬೋರ್ಡ್ ಹುಡುಕಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೇನೆ.

ನಡುವೆ ಒಂದು ವಿಚಿತ್ರ ಕಾಲವೂ ಬಂತು. ಕಂಪ್ಯೂಟರ್ ವೇಗ ಹೆಚ್ಚಿದ್ದರಿಂದಲೇ ಕೆಲವು ಹಳೆಯ ಪ್ರೋಗ್ರಾಂಗಳು ತೆರೆಯುವ ಮೊದಲೇ ನಿಂತುಬಿಡುತ್ತಿದ್ದವು. ಪರದೆಯ ಮೇಲೆ ‘ಸೊನ್ನೆಯಿಂದ ಭಾಗಿಸಲಾಗಿದೆ’ ಎಂಬ ದೋಷ. ಕಾರಣ ಇಷ್ಟೆ: ಟೂಲ್ ಮಾಡಿದವರು ಕಂಪ್ಯೂಟರಿನ ವೇಗ ಅಳೆಯಲು ಶುರುವಿನಲ್ಲೇ ಒಂದು ಸುತ್ತು ಎಣಿಕೆ ಹಾಕಿ, ಅದಕ್ಕೆ ಹಿಡಿದ ಸಮಯದಿಂದ ಭಾಗಿಸುತ್ತಿದ್ದರು. ಹೊಸ ಪೆಂಟಿಯಂನಲ್ಲಿ ಆ ಎಣಿಕೆ ಮುಗಿಯಲು ಹಿಡಿದ ಸಮಯ ಅಳತೆಗೇ ಸಿಗದೆ ಸೊನ್ನೆ ಎಂದು ಬರುತ್ತಿತ್ತು. ಇದರಲ್ಲಿ ವ್ಯಾಪಾರಿಯ ತಪ್ಪಿಲ್ಲ, ಪ್ರೋಗ್ರಾಂ ಬರೆದ ಊರಿನ ಹುಡುಗನ ತಪ್ಪೂ ಇಲ್ಲ. ದೋಷ ಟೂಲ್‌ನ ಹೊಟ್ಟೆಯೊಳಗಿದೆ, ಆ ಹೊಟ್ಟೆ ತೆರೆಯುವ ಹಕ್ಕು ನಮಗಿಲ್ಲ. ತಯಾರಕರು ತೇಪೆ ಕೊಟ್ಟರೆ ಬದುಕು; ಟೂಲ್ ಅಷ್ಟು ಹೊತ್ತಿಗೆ ನಿಂತುಹೋಗಿದ್ದರೆ ಯಾರೋ ಪರದೇಶದ ಹವ್ಯಾಸಿ ಮಾಡಿದ ತೇಪೆಯೇ ಗತಿ. ಬೇರೆಯವರ ಸ್ವತ್ತಾದ ಟೂಲ್ ನಂಬುವುದೆಂದರೆ ಏನು ಎಂದು ನನಗೆ ಮನದಟ್ಟಾದದ್ದು ಆಗ.

2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಂತಿತು. ಅಂಗಡಿಗೆ ಬರುವ ಹೊಸ ಕಂಪ್ಯೂಟರೆಲ್ಲ 64 ಬಿಟ್‌ನವಾದವು. 64 ಬಿಟ್ ವಿಂಡೋಸಿನಲ್ಲಿ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ಓಡುವುದೇ ಇಲ್ಲ. ಒಂದು ಮಂಡಿಯ ಯಜಮಾನರ ಮಗ ಫೋನ್ ಮಾಡಿದ. “ಅಣ್ಣಾ, ಹೊಸ ಕಂಪ್ಯೂಟರ್ ತಂದ್ವಿ. ಫೋಲ್ಡರ್ ಪೂರ್ತಿ ಕಾಪಿ ಮಾಡಿದೀನಿ. ಆದ್ರೆ ಪ್ರೋಗ್ರಾಂ ಓಪನ್ನೇ ಆಗ್ತಾ ಇಲ್ಲ.” ಆ ಸಲ ಡಾಸ್‌ಬಾಕ್ಸ್ ಹಾಕಿ ಕೆಲಸ ನಡೆಸಿದೆವು. ಡಾಸ್‌ಬಾಕ್ಸ್ ಎಂದರೆ ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿ ಕೂರುವ ಉಚಿತ ಪ್ರೋಗ್ರಾಂ. ಆಟ ಆಡುವವರಿಗಾಗಿ ಮಾಡಿದ್ದು. ವ್ಯಾಪಾರಕ್ಕೆ ಬಳಸಬೇಡಿ, ಫೈಲಿಗೆ ಬೀಗ ಹಾಕುವುದು ಅದಕ್ಕೆ ಬರುವುದಿಲ್ಲ ಎಂದು ತಿಳಿದವರು ಹೇಳುತ್ತಿದ್ದರು. ಎರಡು ಟೇಬಲ್ಲಿನಿಂದ ಒಂದೇ ಖಾತೆ ಮುಟ್ಟಬೇಡಿ ಎಂದು ಗುಮಾಸ್ತರಿಗೆ ಹೇಳಿ, ಪ್ರತಿ ಸಂಜೆ ಪೆನ್‌ಡ್ರೈವಿಗೆ ಪ್ರತಿ ತೆಗೆಯುವ ಏರ್ಪಾಡು ಮಾಡಿದೆ.

ನಿಜವಾದ ಪೆಟ್ಟು ಬಿದ್ದದ್ದು 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂದಾಗ. ಅಲ್ಲಿಯವರೆಗೆ ವ್ಯಾಟ್ ಕಾಲದ ಟಿನ್ ನಂಬರು 11 ಅಂಕಿ. ಜಿಎಸ್‌ಟಿ ನಂಬರು 15 ಅಕ್ಷರ, ಅಂಕಿಯ ನಡುವೆ ಇಂಗ್ಲಿಷ್ ಅಕ್ಷರ ಬೇರೆ. ನೋಡುವವರಿಗೆ ನಾಲ್ಕೇ ಅಕ್ಷರದ ವ್ಯತ್ಯಾಸ. ಡಿಬಿಎಫ್ ಫೈಲಿನಲ್ಲಿ ಅಂಕಣವನ್ನು 11ರಿಂದ 15ಕ್ಕೆ ಅಗಲ ಮಾಡುವುದು ಒಂದು ನಿಮಿಷದ ಕೆಲಸ. ಆದರೆ ಪರದೆಯ ಮೇಲೆ ನಂಬರು ಹೊಡೆಯುವ ಜಾಗವನ್ನು ಪ್ರೋಗ್ರಾಂ ಬರೆದವರು 11 ಖಾಲಿ ಜಾಗ ಎಂದು ಕೋಡಿನಲ್ಲೇ ಕೆತ್ತಿಟ್ಟಿದ್ದರೆ, ಹನ್ನೊಂದನೆಯದು ಮುಗಿದ ಕೂಡಲೇ ಅದು ಮುಂದಿನ ಸಾಲಿಗೆ ಜಿಗಿಯುತ್ತದೆ. ಆ 11 ಅನ್ನು 15 ಮಾಡಲು ಸೋರ್ಸ್ ಕೋಡ್ ಬೇಕು, ಅದನ್ನು ಮತ್ತೆ ಕಟ್ಟಲು ನಿಂತುಹೋದ ಟೂಲ್ ಬೇಕು.

ಒಬ್ಬ ಹಿರಿಯ ಯಜಮಾನರಿಗೆ ಇದನ್ನು ವಿವರಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಲ್ಲ ಮಾರಾಯ, ಲೆಕ್ಕ ನಂದು, ಕಂಪ್ಯೂಟರ್ ನಂದು, ದುಡ್ಡು ಕೊಟ್ಟು ಬರೆಸಿದ್ದು ನಾನು. ನಾಲ್ಕು ಅಕ್ಷರ ಸೇರಿಸೋಕೆ ಈಗ ಯಾರನ್ನ ಕೇಳ್ಬೇಕು?” ಬರೆದುಕೊಟ್ಟ ಸಂಸ್ಥೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸೋರ್ಸ್ ಇದ್ದ ಫ್ಲಾಪಿ ಮಳೆಗಾಲದ ಬೂಷ್ಟಿಗೆ ಸಿಕ್ಕಿ ಹೋಗಿತ್ತು. ಉಳಿದದ್ದು ಓಡುವ ಒಂದು ಎಕ್ಸಿ ಫೈಲ್. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂದಿಗೂ ಈ ವಿಷಯದಲ್ಲಿ ಅದಕ್ಕಿಂತ ನೇರವಾದ ಪ್ರಶ್ನೆ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಪುಣ್ಯಕ್ಕೆ ಆ ಸೋರ್ಸ್ ಕೂಡ ತಮ್ಮದೇ ಎಂದು ಬರೆಸಿಕೊಂಡ ಛಾಪಾ ಕಾಗದ ಅವರ ತಿಜೋರಿಯಲ್ಲಿತ್ತು. ಫಾಕ್ಸ್‌ಪ್ರೊ ಪ್ರೋಗ್ರಾಮನ್ನು ಪೂರ್ತಿ ಯಂತ್ರಭಾಷೆಗೆ ಇಳಿಸುವುದಿಲ್ಲ. ಪಿ-ಕೋಡ್ ಎಂಬ ನಡುವಣ ರೂಪದಲ್ಲಿ ಇಡುತ್ತದೆ. ರೀಫಾಕ್ಸ್ ಎಂಬ ಪ್ರೋಗ್ರಾಂ ಆ ರೂಪದಿಂದ ಸೋರ್ಸನ್ನು ಮರಳಿ ತೆಗೆದುಕೊಡುತ್ತದೆ. ಹೆಸರುಗಳು, ಸೂತ್ರಗಳು, ಷರತ್ತುಗಳು ಎಲ್ಲ ವಾಪಸು ಬಂದವು. ಬಾರದೆ ಹೋದದ್ದು ಒಂದೇ: ಬರೆದವನು ತನಗಾಗಿ, ಮುಂದೆ ಓದುವವನಿಗಾಗಿ ನಡುನಡುವೆ ಬರೆದಿಟ್ಟ ಟಿಪ್ಪಣಿ. ಕಂಪೈಲ್ ಆಗುವಾಗ ಟಿಪ್ಪಣಿಗಳು ಉದುರಿಹೋಗುತ್ತವೆ. ಹೀಗಾಗಿ ಪ್ರೋಗ್ರಾಂ ಏನು ಮಾಡುತ್ತದೆ ಎಂಬುದು ಸಿಕ್ಕಿತು. ಯಾಕೆ ಮಾಡುತ್ತದೆ ಎಂಬುದು ಸಿಗಲಿಲ್ಲ.

ಬಡ್ಡಿಯ ಭಾಗದಲ್ಲಿ ಒಂದು ಷರತ್ತು ಇತ್ತು. ಮಾರು ದಿನದಿಂದ ಬಂದ ದಿನ ಕಳೆ. ಉಳಿದದ್ದು 21ಕ್ಕಿಂತ ಹೆಚ್ಚಾದರೆ 21 ಎಂದೇ ಇಟ್ಟುಕೊ. ಅಷ್ಟು ದಿನದ ಬಡ್ಡಿಯನ್ನು ಮುಂಗಡದ ಬಡ್ಡಿಯಿಂದ ತೆಗೆ. ಅಂದರೆ ಅಡಿಕೆ ಮಂಡಿಗೆ ಬಂದು ಬಿದ್ದ ಮೇಲೆ ಮಾರಾಟವಾಗುವ ತನಕ, ಹೆಚ್ಚೆಂದರೆ ಮೂರು ವಾರ, ಬೆಳೆಗಾರನಿಗೆ ಬಡ್ಡಿ ಇಲ್ಲ. ಯಜಮಾನರ ಮಗನಿಗೆ ಇದು ಗೊತ್ತೇ ಇರಲಿಲ್ಲ. ಯಜಮಾನರಿಗೂ ಸ್ಪಷ್ಟ ನೆನಪಿಲ್ಲ. “ಬಡ್ಡಿ ಕಂಪ್ಯೂಟರೇ ಹಾಕ್ತದಲ್ಲ” ಎಂದರು. ಹೊಸ ಪ್ರೋಗ್ರಾಮಿನಲ್ಲಿ ಇದನ್ನು ಇಡಬೇಕೋ ಬಿಡಬೇಕೋ? ಬಿಟ್ಟರೆ ವರ್ಷಕ್ಕೆ ಒಂದಷ್ಟು ಲಾಭ ಎಂದು ಲೆಕ್ಕಪತ್ರ ನೋಡುವ ಹುಡುಗ ಹೇಳಿದ. ಸಿದ್ಧ ಸಾಫ್ಟ್‌ವೇರಿಗೆ ಹೋದರೆ ಇಂಥದಕ್ಕೆ ಜಾಗವೇ ಇರುವುದಿಲ್ಲ, ಅದು ತಾನಾಗಿ ಬಿಟ್ಟುಹೋಗುತ್ತದೆ.

ನಿವೃತ್ತರಾದ ಹಳೆಯ ಗುಮಾಸ್ತರು ಊರ ಹೊರಗಿನ ತಮ್ಮ ಮನೆಯಲ್ಲಿದ್ದರು. ಮಾತು ಕೇಳಲು ಸ್ವಲ್ಪ ಕಷ್ಟ, ಆದರೆ ಅಂಕಿ ಹೇಳಿದರೆ ಸಾಕು, ಕಣ್ಣು ಅರಳುತ್ತಿತ್ತು. ಜಗಲಿಯ ಮೇಲೆ ಕೂತು ಪ್ರಿಂಟ್ ತೆಗೆದ ಕಾಗದ ತೋರಿಸಿದೆ. 21 ಎಂಬುದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ತಮ್ಮಾ, ಇದು ದೊಡ್ಡ ಯಜಮಾನರು ಹಾಕಿದ್ದು. ಈಗಿನವರ ಅಪ್ಪ. ಹಿನ್ನೀರಿನ ಆಚೆ ಕಡೆಯವರು ಮಾಲು ತರೋದು ಲಾಂಚಿನ ಮೇಲೆ. ತಂದ ಮೇಲೆ ವಾಪಸ್ ಒಯ್ಯೋಕಾಗ್ತದಾ? ಮಾಲು ನಮ್ಮ ಗೋದಾಮಲ್ಲಿ ಬಿದ್ದಿರುವಾಗ ಅವರ ಹತ್ರ ಬಡ್ಡಿ ತಗೊಳೋದು ನ್ಯಾಯ ಅಲ್ಲ ಅಂದ್ರು. ಮೂರು ವಾರದ ಟೆಂಡರ್‌ನೊಳಗೆ ಮಾರಿಕೊಡೋದು ನಮ್ಮ ಹೊಣೆ. ಅದಕ್ಕೂ ಮೇಲೆ ದರ ಏರ್ತದೆ ಅಂತ ಅವರೇ ಇಟ್ಕೊಂಡ್ರೆ, ಆವಾಗ ಬಡ್ಡಿ.”

ಪುಸ್ತಕದ ಕಾಲದಲ್ಲಿ ಅದನ್ನು ಬಾಯಲ್ಲೇ ಲೆಕ್ಕ ಹಾಕುತ್ತಿದ್ದರಂತೆ. ಕಂಪ್ಯೂಟರ್ ಬಂದಾಗ ಪ್ರೋಗ್ರಾಂ ಬರೆಯುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ ಬರೆಸಿದರಂತೆ. ಆಮೇಲೆ ಯಾರಿಗೂ ನೆನಪಿಟ್ಟುಕೊಳ್ಳುವ ಅಗತ್ಯ ಬೀಳಲಿಲ್ಲ. ದೊಡ್ಡ ಯಜಮಾನರು ತೀರಿಕೊಂಡರು, ಹುಡುಗ ಬೆಂಗಳೂರಿಗೆ ಹೋಗಿ ಅಲ್ಲಿಂದ ಎಲ್ಲಿಗೋ ಹೋದ. ಬೆಳೆಗಾರರಿಗೆ ಕೊಟ್ಟ ಒಂದು ಮಾತನ್ನು ಇಪ್ಪತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದದ್ದು ಆ ಎಕ್ಸಿ ಫೈಲ್. ಇದನ್ನು ಯಜಮಾನರಿಗೆ ಹೇಳಿದಾಗ ಅವರು ಮಗನ ಕಡೆ ನೋಡಿ, “ಅದು ಹಾಂಗೇ ಇರ್ಲಿ” ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ನಿಂತುಹೋದ ಟೂಲ್‌ಗಳ ಬಗ್ಗೆ ಮಾತಾಡುವವರು ಭದ್ರತೆ, ಖರ್ಚು, ವಲಸೆ ಎಂದೆಲ್ಲ ಹೇಳುತ್ತಾರೆ. ಅವೆಲ್ಲ ನಿಜ. ಆದರೆ ಹೊಸ ಭಾಷೆಯಲ್ಲಿ ಮತ್ತೆ ಬರೆಯುವುದರಲ್ಲಿ ಕೋಡ್ ಟೈಪ್ ಮಾಡುವುದು ಚಿಲ್ಲರೆ ಕೆಲಸ. ಆ ವ್ಯಾಪಾರ ತನ್ನ ಗಿರಾಕಿಗಳೊಡನೆ ಮಾಡಿಕೊಂಡ ಒಪ್ಪಂದಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವುದೇ ಕೆಲಸ. ಅವನ್ನು ಬಲ್ಲ ಮನುಷ್ಯರು ಬದುಕಿರುವಾಗಲೇ ಹುಡುಕಬೇಕು. ಟೂಲ್ ನಿಂತ ಸುದ್ದಿ ಬಂದ ದಿನವೇ ಎಲ್ಲರೂ ಜಗಲಿಗಳಿಗೆ ಹೋಗಿ ಕೂತಿದ್ದರೆ ಎಷ್ಟೋ ಉಳಿಯುತ್ತಿತ್ತು. ಓಡುತ್ತಿದೆಯಲ್ಲ ಎಂಬ ಸಮಾಧಾನದಲ್ಲಿ ಹತ್ತು ವರ್ಷ ಕಳೆಯಿತು. ಆ ಹತ್ತು ವರ್ಷದಲ್ಲಿ ಹಳೆಯ ಗುಮಾಸ್ತರು ಒಬ್ಬೊಬ್ಬರಾಗಿ ಹೋದರು.

ವಿಷುಯಲ್ ಬೇಸಿಕ್ 6 ನಂಬಿದವರದ್ದೂ ಇದೇ ಪಾಡು, ಬೇರೆ ದಾರಿಯಲ್ಲಿ. ಅದು ಬಂದದ್ದು 1998ರಲ್ಲಿ. ನಾಲ್ಕು ವರ್ಷದ ಮೇಲೆ ಬಂದ ಡಾಟ್‌ನೆಟ್‌ನ ವಿಷುಯಲ್ ಬೇಸಿಕ್ ಹೆಸರಿಗೆ ಅದೇ, ಹಳೆಯ ಪ್ರೋಗ್ರಾಂ ಅದರಲ್ಲಿ ಹಾಗೇ ಓಡುವುದಿಲ್ಲ. 2005ರಲ್ಲಿ ಮೈಕ್ರೋಸಾಫ್ಟೇ ಎಂವಿಪಿ ಎಂದು ಗೌರವಿಸಿದ್ದ ನೂರಕ್ಕೂ ಹೆಚ್ಚು ತಜ್ಞರು, ಹಳೆಯದನ್ನು ಕೈಬಿಡಬೇಡಿ ಎಂದು ಮನವಿಗೆ ಸಹಿ ಹಾಕಿದರು. ಕಂಪನಿ ಒಪ್ಪಲಿಲ್ಲ; 2008ರ ಏಪ್ರಿಲ್‌ಗೆ ಟೂಲ್‌ನ ಬೆಂಬಲ ಮುಗಿಯಿತು. ಫಾಕ್ಸ್‌ಪ್ರೊಗಾಗಿಯೂ 2007ರಲ್ಲಿ ಸ್ಪ್ಯಾನಿಷ್ ಮಾತಾಡುವ ದೇಶಗಳ ಪ್ರೋಗ್ರಾಮರುಗಳು ‘ಮಾಸ್‌ಫಾಕ್ಸ್‌ಪ್ರೊ’ ಎಂಬ ಹೆಸರಿನಲ್ಲಿ ಮನವಿ ಮಾಡಿದ್ದರು. ಅದನ್ನು ಓದಿದಾಗ ಅವರೆಲ್ಲ ನಮ್ಮಂಥವರೇ ಎನ್ನಿಸಿತ್ತು. ದೊಡ್ಡ ನಗರಗಳಿಂದ ದೂರ, ಸಣ್ಣ ಅಂಗಡಿಗಳಿಗೆ ಪ್ರೋಗ್ರಾಂ ಬರೆದು ಬದುಕುವವರು. ಒಂದು ಮಾತು ನ್ಯಾಯವಾಗಿ ಹೇಳಬೇಕು: ವಿಬಿ6ರಲ್ಲಿ ಮಾಡಿದ ಪ್ರೋಗ್ರಾಂ ಓಡಲು ಬೇಕಾದ ಮೂಲ ಫೈಲುಗಳನ್ನು ವಿಂಡೋಸಿನಲ್ಲಿ ಇಂದಿಗೂ ಇಟ್ಟಿದ್ದಾರೆ. ಓಡುತ್ತದೆ. ಬದಲಾಯಿಸುವುದು ಕಷ್ಟ, ಅಷ್ಟೆ. ಯಾವುದೋ ಸಣ್ಣ ಕಂಪನಿಯಿಂದ ಕೊಂಡ ಗ್ರಿಡ್ ಒಸಿಎಕ್ಸ್ ಎಂಬ ಬಿಡಿಭಾಗದ ಲೈಸೆನ್ಸ್ ಕಳೆದುಹೋಗಿದ್ದರೆ ಪ್ರಾಜೆಕ್ಟ್ ತೆರೆಯುವುದೇ ಇಲ್ಲ.

ಒಂದು ಸಹಕಾರ ಸಂಘದ ವಿಬಿ6 ಪ್ರೋಗ್ರಾಂ ಬಿಚ್ಚಿದಾಗ ನಮ್ಮ ಭಾಷೆಗೇ ಆದ ತೊಂದರೆ ಎದುರಾಯಿತು. ವಿಬಿ6ರ ಸಾಮಾನ್ಯ ಪೆಟ್ಟಿಗೆಗಳಲ್ಲಿ ಯುನಿಕೋಡ್ ಕನ್ನಡ ಮೂಡುವುದಿಲ್ಲ. ಆದ್ದರಿಂದ ಸದಸ್ಯರ ಹೆಸರನ್ನೆಲ್ಲ ಹಳೆಯ ಫಾಂಟಿನ ಸಂಕೇತದಲ್ಲಿ ತುಂಬಿದ್ದರು. ಆ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪಾರ್ವತಮ್ಮ ಎಂಬ ಹೆಸರು ಒಳಗೆ ಪಾವ೯ತಮ್ಮ ಎಂದೇ ಕೂತಿರುತ್ತದೆ. ಪರಿವರ್ತಕ ಓಡಿಸಿದಾಗ ಬಹುಪಾಲು ಸರಿಯಾಯಿತು. ಸರಿಯಾಗದ್ದನ್ನು ಸಂಘದ ಹುಡುಗಿಯೊಬ್ಬಳು ಷೇರು ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಹೆಸರು ಓದಿ ತಿದ್ದಿದಳು. ತನ್ನ ಅಜ್ಜಿಯ ಹೆಸರು ಸಿಕ್ಕಾಗ ಎದ್ದು ಬಂದು ನನಗೆ ತೋರಿಸಿದಳು. ಅಜ್ಜಿಯ ಷೇರು ಇನ್ನೂ ಆ ಸಂಘದಲ್ಲಿದೆ.

ಇದೇ ಕಾಲದ ಇನ್ನೊಂದು ಟೂಲ್ ಕ್ಲಿಪ್ಪರ್. ನಾಂಟಕೆಟ್ ಎಂಬ ಕಂಪನಿಯದು, 1992ರಲ್ಲಿ ಕಂಪ್ಯೂಟರ್ ಅಸೋಸಿಯೇಟ್ಸ್ ಕೊಂಡಿತು, ಆಮೇಲೆ ಅದೂ ಸೊರಗಿತು. ಆದರೆ 1999ರಲ್ಲಿ ಹಲವು ದೇಶಗಳ ಪ್ರೋಗ್ರಾಮರುಗಳು ಸೇರಿ ಹಾರ್ಬರ್ ಎಂಬ ಮುಕ್ತ ಕಂಪೈಲರ್ ಶುರುಮಾಡಿದರು. ಕ್ಲಿಪ್ಪರಿನಲ್ಲಿ ಬರೆದ ಸೋರ್ಸ್ ಕೈಯಲ್ಲಿದ್ದರೆ ಹಾರ್ಬರಿನಲ್ಲಿ ಮತ್ತೆ ಕಟ್ಟಿ 64 ಬಿಟ್ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡಿಸಬಹುದು. ಫಾಕ್ಸ್‌ಪ್ರೊಗೆ ಅಷ್ಟು ಪೂರ್ಣವಾದ ಮುಕ್ತ ಟೂಲ್ ಸಿಗಲಿಲ್ಲ. ಒಂದೇ ಮೂಲದ ಎರಡು ಟೂಲ್‌ಗಳು, ಎರಡನ್ನೂ ಅವುಗಳ ಒಡೆಯರು ಬಿಟ್ಟರು. ಒಂದನ್ನು ನಂಬಿದವರಿಗೆ ದಾರಿ ತೆರೆಯಿತು, ಇನ್ನೊಂದನ್ನು ನಂಬಿದವರಿಗೆ ಇಲ್ಲ. 1995ರಲ್ಲಿ ಆಯ್ಕೆ ಮಾಡುವಾಗ ಇದು ಯಾರಿಗೂ ತಿಳಿಯುವ ವಿಷಯವಾಗಿರಲಿಲ್ಲ.

ಆದರೂ ಮಂಡಿಗಳು ಉಳಿದವು. ಅದಕ್ಕೆ ನಾನು ಮುಖ್ಯವಾಗಿ ಡಿಬಿಎಫ್ ಫೈಲಿಗೆ ಕೃತಜ್ಞ. ಅದರ ರಚನೆ ಲೋಕಕ್ಕೆಲ್ಲ ಗೊತ್ತಿತ್ತು. ಮೊದಲು 32 ಬೈಟಿನ ತಲೆಬರಹ. ಅದರಲ್ಲಿ ಕೊನೆಯ ಸಲ ತಿದ್ದಿದ ದಿನಾಂಕ, ಒಟ್ಟು ದಾಖಲೆಗಳ ಸಂಖ್ಯೆ. ಆಮೇಲೆ ಒಂದೊಂದು ಅಂಕಣಕ್ಕೆ 32 ಬೈಟಿನ ವಿವರ. ಆಮೇಲೆ ದಾಖಲೆಗಳು, ಒಂದರ ಹಿಂದೊಂದು, ಓದಬಹುದಾದ ಅಕ್ಷರಗಳಲ್ಲೇ. ದಿನಾಂಕವೂ ವರ್ಷ, ತಿಂಗಳು, ದಿನ ಎಂದು ಎಂಟು ಅಂಕಿ. ಫಾಕ್ಸ್‌ಪ್ರೊವೇ ಇಲ್ಲದೆ ಸಾಮಾನ್ಯ ಎಡಿಟರಿನಲ್ಲಿ ತೆರೆದರೂ ಬೆಳೆಗಾರನ ಹೆಸರು, ತೂಕ, ದರ ಕಣ್ಣಿಗೆ ಕಾಣುತ್ತದೆ. ಲಿಬ್ರೆಆಫೀಸ್ ಇಂದಿಗೂ ಅದನ್ನು ತೆರೆಯುತ್ತದೆ. ಪ್ರತಿ ದಾಖಲೆಯ ಮೊದಲ ಬೈಟ್ ಖಾಲಿ ಇದ್ದರೆ ಅದು ಬದುಕಿದೆ ಎಂದರ್ಥ. ಅಲ್ಲೊಂದು ನಕ್ಷತ್ರ ಚಿಹ್ನೆ ಇದ್ದರೆ ಅಳಿಸಿದ್ದು. ಅಳಿಸಿದ್ದು ನಿಜವಾಗಿ ಹೋಗುವುದು ‘ಪ್ಯಾಕ್’ ಎಂಬ ಆದೇಶ ಕೊಟ್ಟಾಗ ಮಾತ್ರ. ಒಮ್ಮೆ ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಒಂದು ಮುಂಗಡದ ನಮೂದು ಇತ್ತೋ ಇರಲಿಲ್ಲವೋ ಎಂಬ ಮಾತು ಬಂದಾಗ, ಆ ನಕ್ಷತ್ರ ಹಾಕಿದ ಸಾಲನ್ನೇ ತೆರೆದು ತೋರಿಸಿದೆ. ಇಬ್ಬರೂ ಒಪ್ಪಿದರು.

ಈಗ ಹೊಸ ಪೀಳಿಗೆಯ ಯಜಮಾನರಿಗೆ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಮಾರಲು ಬರುತ್ತಾರೆ. ಮೊಬೈಲಿನಲ್ಲೇ ಎಲ್ಲ ಕಾಣುತ್ತದೆ, ರಿಟರ್ನ್ ತಾನೇ ಸಲ್ಲಿಕೆಯಾಗುತ್ತದೆ. ಅನುಕೂಲವೇ. ಆದರೆ ಅಲ್ಲಿ ಎಕ್ಸಿ ಫೈಲೂ ಮನೆಯಲ್ಲಿಲ್ಲ, ಡಿಬಿಎಫ್ ಫೈಲೂ ಮನೆಯಲ್ಲಿಲ್ಲ. ಫಾಕ್ಸ್‌ಪ್ರೊ ಸತ್ತ ಮೇಲೂ ಹತ್ತು ವರ್ಷ ಓಡಿತು. ಇವು ನಿಲ್ಲಿಸಿದ ದಿನವೇ ನಿಲ್ಲುತ್ತವೆ. ನನ್ನನ್ನು ಕೇಳಲು ಬಂದವರಿಗೆ ಮೂರು ವಿಷಯ ಹೇಳುತ್ತೇನೆ. ನಿಮ್ಮ ಎಲ್ಲ ದಾಖಲೆಯೂ ಪ್ರತಿ ತಿಂಗಳು ಸಾದಾ ಫೈಲಾಗಿ ನಿಮ್ಮ ಕೈಗೆ ಬರಬೇಕು, ಅದನ್ನು ಕರಾರಿನಲ್ಲಿ ಬರೆಸಿ. ಬರೆಸಿದ ಪ್ರೋಗ್ರಾಂ ಆದರೆ ಸೋರ್ಸ್ ಕೊಡಲೇಬೇಕು ಎಂದು ಬರೆಸಿ. ಲೆಕ್ಕದ ನಿಯಮಗಳನ್ನು, ಕಾರಣ ಸಮೇತ, ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲ ಎರಡನ್ನು ಕೆಲವರು ಮಾಡುತ್ತಾರೆ. ಮೂರನೆಯದನ್ನು ಮಾಡಿದವರು ಕಡಿಮೆ.

ಆ 21 ದಿನದ ನಿಯಮದ ಮಂಡಿಯಲ್ಲಿ ಮಾಡಿದರು. ಯಜಮಾನರ ಮಗನೇ ಬರೆದ. ಹೊಸ ಪ್ರೋಗ್ರಾಂ ಈಗ ಪೈಥಾನಿನಲ್ಲಿದೆ, ದಾಖಲೆಗಳು ಪೋಸ್ಟ್‌ಗ್ರೆಸ್‌ನಲ್ಲಿ. ಎರಡೂ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಗುಮಾಸ್ತರ ಕೈಗೆ ಅಭ್ಯಾಸವಾದ ಎಂಟರ್ ಕ್ರಮವನ್ನು ಹಾಗೇ ಉಳಿಸಿದ್ದೇವೆ. ಒಂದು ನಿಯಮ ಮಾತ್ರ ಬಗೆಹರಿದಿಲ್ಲ. ಹಿನ್ನೀರಿನ ಆಚೆಯ ಒಂದು ಊರಿನ ಕೋಡ್ ಇದ್ದ ಖಾತೆಗಳಿಗೆ ಹಳೆಯ ಪ್ರೋಗ್ರಾಂ ಹಮಾಲಿ ಹಿಡಿಯುತ್ತಿರಲಿಲ್ಲ. ನಿವೃತ್ತ ಗುಮಾಸ್ತರಿಗೂ ಕಾರಣ ಗೊತ್ತಿಲ್ಲ, ತಮಗಿಂತ ಹಿಂದಿನವರ ಕಾಲದ್ದಿರಬೇಕು ಎಂದರು. ಅದನ್ನು ಹೊಸದರಲ್ಲೂ ಇಟ್ಟಿದ್ದೇವೆ, ಮೇಲೆ ಟಿಪ್ಪಣಿ ಬರೆದು: “ಕಾರಣ ತಿಳಿದಿಲ್ಲ. ಆ ಊರಿನವರನ್ನು ಕೇಳದೆ ತೆಗೆಯಬಾರದು.”